ಬ್ಯಾಗ್ ಕಟ್ಟುವ ಮೊದಲು: ದುಬೈಗೆ ಹೊರಟ ಮಕ್ಕಳ ಪೋಷಕರಿಗೆ ಪತ್ರ

ಬಸವನಗುಡಿ, ಬೆಂಗಳೂರು
ಏಪ್ರಿಲ್ 10

ಪ್ರೀತಿಯ ಪೋಷಕರೇ,

ನಮಸ್ಕಾರ. ಪರೀಕ್ಷೆ ಮುಗಿದಿದೆ, ಮನೆಯಲ್ಲಿ ಪ್ರವಾಸದ ಮಾತು ಶುರುವಾಗಿರುತ್ತದೆ. ಮೇ ಮೊದಲ ವಾರ 8 ಮತ್ತು 9ನೇ ತರಗತಿಯ ಮಕ್ಕಳು ನಮ್ಮ ಜೊತೆ ದುಬೈ, ಅಬುಧಾಬಿಗೆ ಬರುತ್ತಿದ್ದಾರೆ. ಟಿಕೆಟ್, ವೀಸಾ, ಹಣದ ವಿಷಯವೆಲ್ಲ ಕಚೇರಿಯಿಂದ ಕೊಟ್ಟ ಹಾಳೆಯಲ್ಲಿದೆ. ಈ ಪತ್ರ ಬರೆಯುತ್ತಿರುವುದು ಬಿಸಿಲಿನ ಬಗ್ಗೆ.

ಮೊನ್ನೆ ಒಬ್ಬ ತಾಯಿ ಕೇಳಿದರು: "ಮಿಸ್, ಮೊಬೈಲಲ್ಲಿ ನೋಡಿದೆ. ದುಬೈಲೂ 34 ಡಿಗ್ರಿ, ನಮ್ಮೂರಲ್ಲೂ 34. ಮತ್ತೆ ಇಷ್ಟೊಂದು ಯಾಕೆ ಯೋಚನೆ?" ಒಳ್ಳೆಯ ಪ್ರಶ್ನೆ. ಅಲ್ಲೇ ನಿಂತು ಅರ್ಧಂಬರ್ಧ ಉತ್ತರ ಕೊಟ್ಟೆ. ಎಲ್ಲರಿಗೂ ಸರಿಯಾಗಿ ಹೇಳೋಣ ಅನ್ನಿಸಿತು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಹಗಲು ಎಷ್ಟೇ ಸುಟ್ಟರೂ ಸಂಜೆ ಗಾಳಿ ಬೀಸುತ್ತದೆ. ನಡುವೆ ಒಂದೆರಡು ಮಾವಿನ ಮಳೆ ಬಂದರೆ ನೆಲ ತಣ್ಣಗಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಹೊಂಗೆ ಮರದ ನೆರಳು. 2016ರ ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 39.2 ಡಿಗ್ರಿ ಆದಾಗ ಊರೆಲ್ಲ ಅದೇ ಮಾತಾಗಿತ್ತು, ನೆನಪಿದೆ ಅಲ್ವಾ? ದುಬೈನಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠವೇ 38ರ ಹತ್ತಿರ ಇರುತ್ತದೆ. ಅಂದರೆ ನಾವು ವರ್ಷಗಟ್ಟಲೆ ನೆನಪಿಟ್ಟುಕೊಂಡ ಆ ಸೆಕೆ ಅಲ್ಲಿ ಮಾಮೂಲಿ ದಿನ. ಜುಲೈ, ಆಗಸ್ಟ್‌ನಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಆ ತಿಂಗಳುಗಳನ್ನು ನಾವು ಆರಿಸಲಿಲ್ಲ.

ಬರೀ ಡಿಗ್ರಿ ನೋಡಿದರೂ ಸಾಲದು. ಬೆವರು ಆರುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮೈ ತಣ್ಣಗಾಗುವುದು ಹಾಗೆ. ದುಬೈ ಇರುವುದು ಸಮುದ್ರದ ದಂಡೆಯಲ್ಲಿ. ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ ಇದ್ದಾಗ ಬೆವರು ಸುರಿಯುತ್ತದೆ, ಆರುವುದಿಲ್ಲ. ಮಂಗಳೂರಿನ ಸೆಕೆ ಕಂಡವರಿಗೆ ಇದು ಗೊತ್ತು. ದುಬೈನಿಂದ ಒಂದು ಗಂಟೆ ಒಳನಾಡಿಗೆ, ಮರಳುಗಾಡಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಬೆವರು ಬಂದ ಹಾಗೇ ಆರಿ ಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಆದ್ದರಿಂದ ನೀರು ಕಳೆದುಕೊಳ್ಳುತ್ತಿದ್ದೇವೆ ಅಂತ ತಿಳಿಯುವುದೇ ಇಲ್ಲ. ಅದು ನಮ್ಮ ರಾಯಚೂರಿನ ಬಿಸಿಲು. ನಮ್ಮ ಮಕ್ಕಳು ಒಂದೇ ದಿನದಲ್ಲಿ ಎರಡನ್ನೂ ನೋಡುತ್ತಾರೆ.

ನಾನು ರಾಯಚೂರಿನವಳು. ಬೇಸಿಗೆಯಲ್ಲಿ ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡಲು ನಮ್ಮವ್ವ ಬಿಡುತ್ತಿರಲಿಲ್ಲ. ಆ ಕಡೆಯ ಜಿಲ್ಲೆಗಳಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ಕ್ಕೇ ಬಾಗಿಲು ತೆಗೆಯುತ್ತವೆ. ದುಬೈ, ಅಬುಧಾಬಿ ಇರುವ ಯುಎಇ ದೇಶದಲ್ಲೂ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದು ಅಂತ ಕಾನೂನಿದೆ. ನಾವು ಹೋಗುವುದು ಮೇನಲ್ಲಿ. ಆದರೂ ನಮ್ಮ ವೇಳಾಪಟ್ಟಿಯನ್ನು ಅದೇ ಲೆಕ್ಕದಲ್ಲಿ ಮಾಡಿದ್ದೇವೆ. ಬೆಳಿಗ್ಗೆ 7ಕ್ಕೆ ಹೊರಡುತ್ತೇವೆ, 11ಕ್ಕೆಲ್ಲ ನೆರಳಿಗೆ ಬರುತ್ತೇವೆ, ಮತ್ತೆ ಹೊರಬೀಳುವುದು 5ರ ನಂತರ. "ಇಷ್ಟು ದುಡ್ಡು ಕೊಟ್ಟು ಹೋಟೆಲಲ್ಲಿ ಕೂರಿಸ್ತೀರಾ?" ಅಂತ ಇಬ್ಬರು ಕೇಳಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಮ್ಯೂಸಿಯಂ, ಅಕ್ವೇರಿಯಂ ಇಟ್ಟಿದ್ದೇವೆ. ಈ ವಿಷಯದಲ್ಲಿ ಮಾತ್ರ ನಾನು ಬದಲಾವಣೆ ಮಾಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ.

ಈಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿರುವ ವಿಷಯ. ಕೆಲವು ವರ್ಷಗಳ ಹಿಂದೆ ಮಾರ್ಚ್‌ನಲ್ಲಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ 8ನೇ ತರಗತಿಯ ಹುಡುಗಿ ತಲೆ ಸುತ್ತಿ ಕುಸಿದಳು. ನೆರಳಿಗೆ ಕರೆತಂದೆವು, ಕುತ್ತಿಗೆಗೆ ಒದ್ದೆ ಬಟ್ಟೆ ಇಟ್ಟೆವು, ಗಾಳಿ ಬೀಸಿದೆವು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡಳು. ಅವಳ ಬ್ಯಾಗ್ ತೆಗೆದೆ. ನೀರಿನ ಬಾಟಲಿ ಕತ್ತಿನ ತನಕ ತುಂಬಿತ್ತು. ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ. ಯಾಕಮ್ಮಾ ಅಂದೆ. "ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕಾಗುತ್ತೆ ಮಿಸ್" ಅಂದಳು.

ಅವತ್ತು ತಪ್ಪು ನನ್ನದು. ಬಾಟಲಿ ತಂದಿದ್ದಾರಾ ಅಂತ ಎಲ್ಲರದ್ದೂ ನೋಡಿದ್ದೆ. ಕುಡಿದಿದ್ದಾರಾ ಅಂತ ನೋಡಲಿಲ್ಲ. ಹೆಣ್ಣುಮಕ್ಕಳು ಹೀಗೆ ಮಾಡುವುದು ಅಪರೂಪವೇನಲ್ಲ. ದಯವಿಟ್ಟು ಈ ವಾರ ನಿಮ್ಮ ಮಗಳ ಜೊತೆ ಕೂತು ಮಾತಾಡಿ. ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ ಅಂತ ನಾವು ಮೊದಲೇ ಗುರುತು ಮಾಡಿದ್ದೇವೆ. ಪ್ರತಿ ಎರಡು ಗಂಟೆಗೆ ನಿಲ್ಲಿಸುತ್ತೇವೆ. ಯಾರೂ ಕೈ ಎತ್ತಿ ಕೇಳಬೇಕಿಲ್ಲ. ಮುಟ್ಟಿನ ದಿನಗಳು ಪ್ರವಾಸದಲ್ಲೇ ಬರಬಹುದು, ಬರದೇ ಇರಬಹುದು. ಪ್ಯಾಡ್ ಮಾತ್ರ ಪ್ರತಿ ಹುಡುಗಿಯ ಕೈಚೀಲದಲ್ಲಿ ಇರಲಿ. ನಮ್ಮ ಹತ್ತಿರವೂ ಇರುತ್ತದೆ.

ಹಾಗಾಗಿ ಪ್ಯಾಕಿಂಗ್‌ಗಿಂತ ಮೊದಲು ಅಭ್ಯಾಸ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ನಮಗೆ ಇನ್ನೂ ಮೂರು ವಾರ ಇದೆ. ರಜೆ ಅಂತ ಮಕ್ಕಳು ದಿನವಿಡೀ ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಕೂತರೆ ಅಲ್ಲಿ ಹೋದ ಮೊದಲ ದಿನವೇ ಸುಸ್ತಾಗುತ್ತಾರೆ. ದಿನಾ ಸಂಜೆ 4ರ ಹೊತ್ತಿಗೆ ಅರ್ಧ ಗಂಟೆ ನಡೆಸಿ. ನಡೆಯುವಾಗ ಪ್ರತಿ 20 ನಿಮಿಷಕ್ಕೆ ನಾಲ್ಕೈದು ಗುಟುಕು ನೀರು ಕುಡಿಯಲಿ, ಬಾಯಾರಲಿ ಬಿಡಲಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಅಂತ ಅರ್ಥ. ಇದನ್ನು ಮಕ್ಕಳಿಗೆ ನಾಚಿಕೆ ಇಲ್ಲದೆ ಹೇಳಿಕೊಡಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಸಾಲುವುದಿಲ್ಲ. ರಾಮನವಮಿಯಲ್ಲಿ ನಾವು ಪಾನಕ, ನೀರುಮಜ್ಜಿಗೆ ಹಂಚುವುದು ಸುಮ್ನೆ ಅಲ್ಲ. ದುಬೈನ ಅಂಗಡಿಗಳಲ್ಲಿ ಲಬನ್ ಅಂತ ಕೇಳಿದರೆ ನಮ್ಮ ಮಜ್ಜಿಗೆಯಂಥದ್ದೇ ಸಿಗುತ್ತದೆ. ಓಆರ್‌ಎಸ್ ಪೊಟ್ಟಣ ಪ್ರತಿ ಮಗುವಿಗೆ ಆರು ಕಳುಹಿಸಿ. ಪೊಟ್ಟಣ ಇಲ್ಲದಾಗ ಮಾಡಿಕೊಳ್ಳಲು ಇದೊಂದನ್ನು ಮನೆಯಲ್ಲಿ ಕಲಿಸಿ: ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ. ದೊಡ್ಡವರಾದ ಮೇಲೂ ಉಪಯೋಗಕ್ಕೆ ಬರುವ ಲೆಕ್ಕ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ತಿಳಿ ಬಣ್ಣದ, ಸಡಿಲವಾದ, ತೆಳು ಕಾಟನ್ ಬಟ್ಟೆ. ಬಿಸಿಲು ಅಂತ ತೋಳಿಲ್ಲದ ಬಟ್ಟೆ ಹಾಕಿಸಬೇಡಿ. ಪೂರ್ತಿ ತೋಳಿದ್ದರೆ ಚರ್ಮ ಸುಡುವುದಿಲ್ಲ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೂ ಹೋಗುತ್ತೇವೆ. ಅಲ್ಲಿ ಕೈಕಾಲು ಮುಚ್ಚಿರಬೇಕು, ಹೆಣ್ಣುಮಕ್ಕಳು ತಲೆಗೂ ಬಟ್ಟೆ ಹಾಕಿಕೊಳ್ಳಬೇಕು. ಒಂದು ಕಾಟನ್ ದುಪಟ್ಟಾ ಇದ್ದರೆ ಎರಡಕ್ಕೂ ಆಯಿತು. ಜೀನ್ಸ್ ಒಂದು ಸಾಕು, ವಿಮಾನದಲ್ಲಿ ಹಾಕಿಕೊಂಡು ಬರಲಿ. ಅದು ಬೆವರು ಕುಡಿದು ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ತೊಡೆ ಉಜ್ಜಿ ಗಾಯ ಮಾಡುತ್ತದೆ. ತೆಳು ಸ್ವೆಟರ್ ಬೇಕೇ ಬೇಕು. ನಗಬೇಡಿ, ಅಲ್ಲಿ ಮಾಲ್, ಬಸ್, ಮೆಟ್ರೋ, ಬಸ್ ಸ್ಟಾಪ್‌ಗೂ ಏಸಿ. ಬೆವರಿದ ಮೈಯಲ್ಲಿ ಒಳಗೆ ಹೋದರೆ ನಡುಕ ಬರುತ್ತದೆ.

ಹೊಸ ಶೂ ಕೊಡಿಸಬೇಡಿ. ಸೆಕೆಗೆ ಪಾದ ಊದಿಕೊಳ್ಳುತ್ತದೆ, ಹೊಸದು ಕಚ್ಚುತ್ತದೆ. ಹಾಕಿ ಹಳೆಯದಾದ ಶೂ, ದಿನಕ್ಕೊಂದು ಜೊತೆ ಕಾಟನ್ ಕಾಲುಚೀಲ. ಕ್ರಿಕೆಟ್ ಕ್ಯಾಪ್ ಕುತ್ತಿಗೆ ಮುಚ್ಚುವುದಿಲ್ಲ, ಸುತ್ತ ಅಂಚಿರುವ ಹ್ಯಾಟ್ ಕೊಡಿ. ಮಡಿಸುವ ಛತ್ರಿ ಮನೆಯಲ್ಲಿ ಇದ್ದೇ ಇರುತ್ತದೆ. ಅದೂ ಇರಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ ಹಚ್ಚಬೇಕು, ಮೈಬಣ್ಣ ಯಾವುದೇ ಇರಲಿ. ಬೆವರುಸಾಲೆ ಬರುವ ಮಕ್ಕಳಿಗೆ ಪೌಡರ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಬಿಡುವುದಿಲ್ಲ. ಅಲ್ಲಿನ ಪ್ಲಗ್‌ಗೆ ಮೂರು ಚೌಕ ಪಿನ್, ಅಡಾಪ್ಟರ್ ಬೇಕು.

ತಿಂಡಿ ಕಟ್ಟುವ ಅಜ್ಜಿಯರಿಗೂ, ಅಮ್ಮಂದಿರಿಗೂ ವಿಶೇಷವಾಗಿ ಹೇಳುತ್ತಿದ್ದೇನೆ. ಯುಎಇಗೆ ಗಸಗಸೆ ಒಯ್ಯುವಂತಿಲ್ಲ. ಅಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ನಮಗೆ ಗಸಗಸೆ ಪಾಯಸದ ಸಾಮಾನು, ಅಲ್ಲಿ ಅದು ಅಪರಾಧ. ಪುಡಿ ಮಾತ್ರ ಅಲ್ಲ, ಅಂಟಿನುಂಡೆ, ಕರ್ಜಿಕಾಯಿಯಲ್ಲೂ ಗಸಗಸೆ ಹಾಕಿರುತ್ತೇವೆ. ಈ ಸಲ ಬೇಡವೇ ಬೇಡ. ವೀಳ್ಯದೆಲೆಯೂ ಬೇಡ. ಚಕ್ಕುಲಿ, ನಿಪ್ಪಟ್ಟು, ಹುರಿಗಾಳು ಕಳುಹಿಸಿ. ಔಷಧಿಯಲ್ಲೂ ಇದೇ ಎಚ್ಚರಿಕೆ. ಕೋಡೀನ್ ಇರುವ ಕೆಮ್ಮಿನ ಸಿರಪ್ ಮತ್ತು ಕೆಲವು ನೋವಿನ ಮಾತ್ರೆಗಳಿಗೆ ಅಲ್ಲಿ ಕಟ್ಟುನಿಟ್ಟು ಜಾಸ್ತಿ, ಮೊದಲೇ ಅನುಮತಿ ಬೇಕು. ನಿಮ್ಮ ಮಗು ದಿನಾ ಯಾವ ಔಷಧಿ ತಗೊಂಡರೂ, ಇನ್‌ಹೇಲರ್ ಆದರೂ ಸರಿ, ಹೆಸರನ್ನು ಇದೇ ವಾರ ನನಗೆ ತಿಳಿಸಿ. ಡಾಕ್ಟರ ಚೀಟಿಯ ಪ್ರತಿ ಜೊತೆಗಿರಲಿ, ಮಾತ್ರೆಗಳು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ.

ಮೆಟ್ರೋ ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಹತ್ತುವ ಮೊದಲೇ ನೀರು ಕುಡಿಸುತ್ತೇವೆ.

ನನಗೆ ತುಂಬಾ ಇಷ್ಟವಾದ ಜಾಗವೊಂದು ಈ ಪ್ರವಾಸದಲ್ಲಿದೆ. ಹಳೇ ದುಬೈನ ಅಲ್ ಫಹಿದಿ. 19ನೇ ಶತಮಾನದ ಕೊನೆಗೆ ವ್ಯಾಪಾರಿಗಳು ಹವಳದ ಕಲ್ಲಿನಲ್ಲಿ ಕಟ್ಟಿದ ಮನೆಗಳು. ಮೇಲೆ ಚೌಕ ಗೋಪುರ ಇರುತ್ತದೆ. ಬರ್ಜೀಲ್ ಅನ್ನುತ್ತಾರೆ. ಎತ್ತರದಲ್ಲಿ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಆ ಬಿಸಿಲಲ್ಲಿ ಜನ ಬದುಕಿದ್ದು ಹೀಗೆ. ನಿಮ್ಮ ಊರಿನಲ್ಲಿ ತೊಟ್ಟಿಮನೆ ಇದ್ದರೆ ಹೋಗುವ ಮೊದಲು ಮಗುವಿಗೆ ತೋರಿಸಿ, ನಡುಮನೆಯಲ್ಲಿ ಯಾಕೆ ತಂಪು ಅಂತ ಕೇಳಿ. ಅಲ್ಲಿ ಗೋಪುರದ ಕೆಳಗೆ ನಿಂತಾಗ ಅವರಿಗೇ ಹೊಳೆಯುತ್ತದೆ.

ಕೊನೆಗೆ, ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆದರೆ ತಕ್ಷಣ ಹತ್ತಿರದ ಟೀಚರಿಗೆ ಹೇಳಬೇಕು. ಗೆಳತಿ ಅಥವಾ ಗೆಳೆಯ ಏನೋ ತಪ್ಪು ತಪ್ಪಾಗಿ ಮಾತಾಡುತ್ತಿದ್ದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಓಡಿ ಬಂದು ಹೇಳಬೇಕು. ಅದು ಚಾಡಿ ಅಲ್ಲ ಅಂತ ನೀವೂ ಮನೆಯಲ್ಲಿ ಹೇಳಿ.

ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ 10ಕ್ಕೆ ಶಾಲೆಯ ಸಭಾಂಗಣಕ್ಕೆ ಬನ್ನಿ. ಮಗು ತಾನೇ ಕಟ್ಟಿದ ಬ್ಯಾಗ್ ತರಲಿ. ಅದನ್ನು ಹೊತ್ತು ಮೈದಾನಕ್ಕೆ ಎರಡು ಸುತ್ತು ನಡೆಸುತ್ತೇವೆ. ಹೊರಲು ಆಗದ್ದನ್ನೆಲ್ಲ ಅಲ್ಲೇ ತೆಗೆದು ನಿಮ್ಮ ಕೈಗೆ ಕೊಡುತ್ತೇವೆ. ನೀರಿನ ಬಾಟಲಿ ಮರೆಯಬೇಡಿ. ಸುತ್ತು ಮುಗಿದ ಮೇಲೆ ಎಷ್ಟು ಖಾಲಿಯಾಗಿದೆ ಅಂತ ನಾನೇ ನೋಡುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ