ಗೆಳೆಯನಿಗೊಂದು ಪತ್ರ: ಮಧ್ಯಾಹ್ನಗಳನ್ನು ಖಾಲಿ ಇಟ್ಟುಕೊಂಡು ಬಾ

ಶಿರಸಿ
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಐದು ದಿನದ ಪಟ್ಟಿ ನೋಡಿದೆ. ಯಾಣ, ಸಹಸ್ರಲಿಂಗ, ಉಂಚಳ್ಳಿ, ಬನವಾಸಿ, ಗೋಕರ್ಣ, ಮುರ್ಡೇಶ್ವರ, ಕಾರವಾರ, ದಾಂಡೇಲಿ. ಇಷ್ಟನ್ನೂ ಸುತ್ತಿದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟು ಮತ್ತು ಘಟ್ಟದ ತಿರುವಿನ ವಾಂತಿ. ಉಂಚಳ್ಳಿ ಜಲಪಾತದಲ್ಲಿ ಈಗ ನೀರು ಸೊರಗಿದೆ, ಅದನ್ನು ಮಳೆ ಇಳಿದ ಮೇಲೆ ನೋಡಬೇಕು. ಪಟ್ಟಿಯಲ್ಲಿ ಎರಡನ್ನು ಉಳಿಸಿ ಮಿಕ್ಕಿದ್ದಕ್ಕೆ ಗೀಟು ಹಾಕು. ಒಂದು ಸಹಸ್ರಲಿಂಗ, ಯಾಕೆಂದರೆ ಶಾಲ್ಮಲೆ ಹೊಳೆಯಲ್ಲಿ ನೀರಿಳಿದಾಗಲೇ ಬಂಡೆಯ ಮೇಲಿನ ಲಿಂಗಗಳು ಸರಿಯಾಗಿ ಕಾಣುವುದು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಹತ್ತರ ಮೇಲೆ ಬಂಡೆ ಕಾದು ಬರಿಗಾಲಿಡಲು ಆಗುವುದಿಲ್ಲ. ಇನ್ನೊಂದು ಕಾರವಾರ, ಅದೂ ಸಂಜೆಗೆ. ಉಳಿದ ಹೊತ್ತು, ಮುಖ್ಯವಾಗಿ ಹನ್ನೆರಡರಿಂದ ನಾಲ್ಕರವರೆಗೆ, ಮನೆಯಲ್ಲೇ ಇರು. ಈ ಸೀಮೆಯ ಬೇಸಿಗೆಯ ಸುಖವೆಲ್ಲ ಆ ನಾಲ್ಕು ತಾಸಿನಲ್ಲೇ ಇದೆ.

ಬರುವುದಾದರೆ ಮೇ ಮೊದಲ ವಾರವೇ ಬಾ. ಆಲೆಮನೆ ಮುಗಿಯಿತು, ಹಾಗಾಗಿ ಕಬ್ಬಿನ ಹಾಲಿನ ತಿಂಡಿ ತೊಡದೇವಿನ ಆಸೆ ಈ ವರ್ಷಕ್ಕೆ ಬಿಡು. ಉಪ್ಪಿನಕಾಯಿಯ ಎಳೆಮಾವು ಅಪ್ಪೆಮಿಡಿಯೂ ಆಗಲೇ ಉಪ್ಪು ಸೇರಿದೆ, ಈಗ ಮರದಲ್ಲಿರುವುದು ಗೊರಟು ಕಟ್ಟಿದ ಕಾಯಿ. ಆದರೆ ಮೊದಲ ವಾರದಲ್ಲಿ ಹಲಸು ಬಲಿತಿರುತ್ತದೆ, ಹಣ್ಣಾಗಿರುವುದಿಲ್ಲ, ಮುರುಗಲು (ಕೋಕಂ) ಕೆಂಪಾಗಿರುತ್ತದೆ, ಅಂಕೋಲೆಯ ಕರಿ ಈಶಾಡು ಮಾವು ಬುಟ್ಟಿಗೆ ಬರತೊಡಗುತ್ತದೆ. ತಿಂಗಳ ಕೊನೆಗೆ ಬಂದೆಯೋ, ಸಂಜೆ ಸಂಜೆ ಗುಡುಗಿನ ಮಳೆ, ಅಂಗಳದಲ್ಲಿ ಏನನ್ನೂ ಒಣಗಿಸುವ ಹಾಗಿಲ್ಲ.

ಮೊದಲು ಅಪ್ಪೆಹುಳಿ. ಅತ್ತಿಗೆ ಕೇಳಿದ್ದರಲ್ಲ, ಬರೆದು ಕಳಿಸಿ ಎಂದು. ಒಂದು ಲೀಟರಿಗೆ ಮಧ್ಯಮ ಗಾತ್ರದ ಎರಡು ಹುಳಿ ಮಾವಿನಕಾಯಿ ಸಾಕು. ತೊಟ್ಟು ಮುರಿದು, ಸೊನೆ ಇಳಿಯಲು ಹತ್ತು ನಿಮಿಷ ನೀರಲ್ಲಿ ಮುಳುಗಿಸಿಡಬೇಕು. ಇದನ್ನು ಬಿಟ್ಟರೆ ತುಟಿ ಉರಿಯುತ್ತದೆ, ಗಂಟಲು ಕೆರೆಯುತ್ತದೆ, ದೂರು ಮಾತ್ರ ಮಾವಿನಕಾಯಿಯ ಮೇಲೆ. ಕಾಯಿಯನ್ನು ಹೆಚ್ಚದೆ ಇಡಿಯಾಗಿಯೇ ಬೇಯಿಸಬೇಕು. ಸಿಪ್ಪೆಯ ಹಸಿರು ಮಾಸಿ ಹಳದಿಗೆ ತಿರುಗಿ, ಸೌಟಿನಿಂದ ಒತ್ತಿದಲ್ಲಿ ತಗ್ಗು ಬಿದ್ದರೆ ಸಾಕು. ಹನ್ನೆರಡರಿಂದ ಹದಿನೈದು ನಿಮಿಷ. ಸಿಪ್ಪೆ ಒಡೆದು ತಿರುಳು ನೀರಿಗಿಳಿಯುವವರೆಗೆ ಬಿಟ್ಟರೆ ಪರಿಮಳ ಹೋಯಿತು. ಆರಿದ ಮೇಲೆ ಸಿಪ್ಪೆ ಸುಲಿದು, ಗೊರಟಿಗೆ ಅಂಟಿದ್ದನ್ನೂ ಬಿಡದೆ ಕಿವುಚಿ, ಲೀಟರ್ ತಣ್ಣೀರು, ಒಂದೂವರೆ ಚಮಚ ಉಪ್ಪು, ಅಡಿಕೆಯಷ್ಟು ಬೆಲ್ಲ. ಒಗ್ಗರಣೆಗೆ ಎರಡು ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಎರಡು ಒಣಮೆಣಸು, ಸೀಳಿದ ಒಂದು ಹಸಿಮೆಣಸು, ಕರಿಬೇವು. ಇಂಗನ್ನು ಎಣ್ಣೆಗೆ ಹಾಕಬೇಡಿ, ಕರಟಿದರೆ ಕಹಿ. ಕಡಲೆಕಾಳಿನಷ್ಟು ಗಟ್ಟಿ ಇಂಗನ್ನು ನೀರಲ್ಲಿ ಕರಗಿಸಿ ಕೊನೆಗೆ ಸುರಿಯುವುದು. ಕೆಲವರು ಎಲ್ಲ ಸೇರಿಸಿದ ಮೇಲೆ ಮತ್ತೆ ಕುದಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸಾರು, ಅಪ್ಪೆಹುಳಿಯಲ್ಲ. ನೀರಿನಂತೆಯೇ ತೆಳ್ಳಗಿರಬೇಕು, ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಕುಡಿದರೆ ನಿದ್ದೆ ಬರುತ್ತದೆ ಎಂಬುದು ಇಲ್ಲಿಯ ಹೆಸರಾಂತ ಮಾತು. ಊಟವಾದ ಮೇಲೆ ಕಾರು ಓಡಿಸುವ ಯೋಜನೆ ಬೇಡವೆಂದದ್ದಕ್ಕೆ ಇದೂ ಒಂದು ಕಾರಣ.

ತಂಬುಳಿಗೆ ಇಷ್ಟೆಲ್ಲ ಪುರಾಣವಿಲ್ಲ. ಒಂದು ಹಿಡಿ ಒಂದೆಲಗ, ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸು ರುಬ್ಬಿ ಎರಡು ಲೋಟ ಮಜ್ಜಿಗೆಗೆ ಕದಡಿದರೆ ಆಯಿತು. ಮಜ್ಜಿಗೆ ಹುಳಿಯಾಗಿರಬಾರದು, ಅಷ್ಟೇ.

ಈಗ ಹಲಸಿನಕಾಯಿ ಹಪ್ಪಳ. ನಿನ್ನ ಆಯಿ, ಅತ್ತಿಗೆ, ಮಕ್ಕಳು, ನೀನು, ಎಲ್ಲರಿಗೂ ಇದರಲ್ಲಿ ಕೆಲಸವಿದೆ. ಎರಡು ದಿನ ಇದಕ್ಕೆಂದೇ ಎತ್ತಿಡು.

ಕಾಯಿ ಆರಿಸುವುದರಲ್ಲೇ ಅರ್ಧ ಗೆಲುವು. ಮುಳ್ಳು ಅಗಲವಾಗಿ ಚಪ್ಪಟೆಯಾಗಿರಬೇಕು, ತಟ್ಟಿದರೆ ದಪ್ಪ ಸದ್ದು ಬರಬೇಕು, ಆದರೆ ಮೂಗಿಗೆ ಹಣ್ಣಿನ ವಾಸನೆ ಹೊಡೆಯಬಾರದು. ಎಳೆಯದಾದರೆ ಹಿಟ್ಟು ಜಿಗುಟು ಬರುವುದಿಲ್ಲ, ಹಪ್ಪಳ ಅಂಚಿನಲ್ಲಿ ಒಡೆಯುತ್ತದೆ. ಹಣ್ಣಾಗತೊಡಗಿದ್ದರೆ ಸಿಹಿ ಸೇರಿ ಕರಿಯುವಾಗ ಕಪ್ಪಾಗುತ್ತದೆ. ಹೆಚ್ಚುವ ಮೊದಲು ಮೆಟ್ಟುಗತ್ತಿಗೂ ಅಂಗೈಗೂ ಕೊಬ್ಬರಿ ಎಣ್ಣೆ. ಮೇಣ ಕೈಗೆ ಹತ್ತಿದರೆ ನೀರು ಹಾಕಿ ಉಜ್ಜಬೇಡ, ಇನ್ನೂ ಹರಡುತ್ತದೆ. ಎಣ್ಣೆ ಹಚ್ಚಿ ಹಳೇ ಬಟ್ಟೆಯಲ್ಲಿ ಒರೆಸು. ನೆಲಕ್ಕೆ ಹಳೇ ಪೇಪರು ಹಾಸುವುದು ಮರೆತರೆ ಮನೆಯವರು ಕ್ಷಮಿಸುವುದಿಲ್ಲ.

ಬೇಳೆ ತೆಗೆದ ತೊಳೆಯನ್ನು ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸುವುದು. ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ಹಿಟ್ಟು ಅಂಟಂಟಾಗಿ ಹಾಳೆ ಬಿಡುವುದೇ ಇಲ್ಲ. ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ತರಿತರಿ ಉಳಿಯುತ್ತದೆ. ಮಿಕ್ಸಿಗೆ ಹಾಕುವವರು ನೀರು ಸೇರಿಸುವ ಪಾಪ ಮಾಡುತ್ತಾರೆ, ಅದು ಬೇಡ. ಒಂದು ಕೆಜಿ ತೊಳೆಗೆ ಮೂರು ಸಣ್ಣ ಚಮಚ ಉಪ್ಪು, ಎರಡು ಚಮಚ ಮೆಣಸಿನಪುಡಿ, ಎರಡು ಚಮಚ ಜೀರಿಗೆ. ಹಸಿ ಹಿಟ್ಟಿನ ರುಚಿ ನೋಡಿದಾಗ ಉಪ್ಪು ಕೊಂಚ ಕಡಿಮೆ ಅನ್ನಿಸಬೇಕು. ಒಣಗಿ ತೂಕ ಇಳಿದ ಮೇಲೆ ಅದೇ ಉಪ್ಪು ಗಟ್ಟಿಯಾಗುತ್ತದೆ. ಹಿಟ್ಟಿನ ಉಂಡೆಗೆ ಕೊಬ್ಬರಿ ಎಣ್ಣೆ ಸವರಿ ಹಾಗೇ ತಿನ್ನುವುದು ಮಕ್ಕಳ ಹಕ್ಕು. ಅದಕ್ಕೆ ನಾಲ್ಕು ತೊಳೆ ಹೆಚ್ಚೇ ಹಾಕಿಕೊಳ್ಳಿ.

ಒಬ್ಬರು ಸಣ್ಣ ನಿಂಬೆಹಣ್ಣಿನಷ್ಟು ಉಂಡೆ ಕಟ್ಟುವುದು, ಒಬ್ಬರು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು, ಒಬ್ಬರು ಹಾಳೆಯಿಂದ ಬಿಡಿಸಿ ಚಾಪೆಗೆ ಹಾಕುವುದು. ಬಿಡಿಸುವಾಗ ಹಪ್ಪಳವನ್ನು ಎಳೆಯಬೇಡ. ಹಪ್ಪಳವನ್ನು ಅಂಗೈ ಮೇಲೆ ಮಗುಚಿಕೊಂಡು ಹಾಳೆಯನ್ನು ಸುಲಿ. ಕಾಗೆ ಕಾಯುವ ಕೆಲಸ ಚಿಕ್ಕವರದ್ದು, ಕೋಲು ಅವರೇ ಹುಡುಕಿಕೊಳ್ಳುತ್ತಾರೆ. ಅರ್ಧ ಒಣಗಿದಾಗ ಅಂಚು ಮೇಲೆದ್ದು ದೊನ್ನೆಯಂತಾದರೆ, ಬಿಸಿಲು ಒಂದೇ ಮಗ್ಗುಲಿಗೆ ಬಿದ್ದಿದೆ ಎಂದು ಅರ್ಥ. ಹತ್ತಿಪ್ಪತ್ತನ್ನು ಒಟ್ಟಿ ಮೇಲೊಂದು ಮಣೆ ಹೇರಿ, ಅರ್ಧ ತಾಸು ಬಿಟ್ಟು, ಮಗುಚಿ ಮತ್ತೆ ಹರವಿದರೆ ಸರಿಹೋಗುತ್ತದೆ. ಎರಡು ಮೂರು ಬಿಸಿಲು ಬೇಕು. ಮುರಿದರೆ ಟಕ್ಕೆನ್ನಬೇಕು, ಬಾಗಿದರೆ ಇನ್ನೂ ಹಸಿ. ಹಸಿ ಇರುವಾಗ ಡಬ್ಬಿಗೆ ತುಂಬಿದ ಹಪ್ಪಳ ಮಳೆಗಾಲದ ಮೊದಲ ವಾರಕ್ಕೇ ಬೂಸಲು. ಜುಲೈನಲ್ಲಿ ನಿಮ್ಮ ಬೆಂಗಳೂರಿನ ಮನೆಯಲ್ಲಿ ಅದನ್ನು ಸುಟ್ಟು, ಎಣ್ಣೆ ಸವರಿ, ಕಾಯಿಚೂರಿನ ಜೊತೆ ತಿನ್ನುವಾಗ ನನಗೊಂದು ಫೋನ್ ಮಾಡು.

ಪುಸ್ತಕದ ಬಗ್ಗೆ ಕೇಳಿದ್ದೆ. ಏಳೆಂಟು ತರುತ್ತೇನೆ ಎಂದಿದ್ದೀಯ, ಎರಡು ಸಾಕು. ಒಂದು ನಿನಗೆ, ಒಂದು ಎಲ್ಲರಿಗೂ. ಆ ಎರಡನೆಯದನ್ನು ಹಪ್ಪಳ ಒತ್ತುವಾಗ ಗಟ್ಟಿಯಾಗಿ ಓದಬೇಕು. ಕೈ ಕೆಲಸದಲ್ಲಿದ್ದಾಗ ಕಿವಿ ಚುರುಕಾಗಿರುತ್ತದೆ, ಎದ್ದು ಹೋಗಲೂ ಯಾರಿಗೂ ಆಗುವುದಿಲ್ಲ! ಸಾಮಾನ್ಯ ಅಳತೆಯ ಪುಟವೊಂದಕ್ಕೆ ಎರಡೂವರೆ ನಿಮಿಷ ಹಿಡಿಯುತ್ತದೆ. ಹದಿನೈದು ಪುಟದ ಕಥೆ ಮುಕ್ಕಾಲು ತಾಸಿಗೆ ಸ್ವಲ್ಪ ಕಡಿಮೆ. ಉಂಡೆಗಳ ಒಂದು ತಟ್ಟೆ ಖಾಲಿಯಾಗುವುದಕ್ಕೂ ಅದಕ್ಕೂ ಸರಿಹೋಗುತ್ತದೆ. ಮಾತುಕತೆ ಹೆಚ್ಚಿರುವ ಕಥೆ ಆರಿಸು. ಉದ್ದುದ್ದ ವರ್ಣನೆ ಬಂದರೆ ಮೂರನೇ ಪುಟಕ್ಕೆ ಆಯಿ ತೂಕಡಿಸುತ್ತಾರೆ. ಮಕ್ಕಳಿಗೆ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳು ಇದ್ದೇ ಇವೆ, ನಾಲ್ಕೇ ಸಾಲು, ಎರಡು ಸಲ ಕೇಳಿದರೆ ಬಾಯಿಗೆ ಬರುತ್ತವೆ. ಓದುವವರು ಮಾತ್ರ ಎಣ್ಣೆ ಮುಟ್ಟಬಾರದು. ಪುಟಕ್ಕೆ ಎಣ್ಣೆ ತಾಗಿದರೆ ಒರೆಸಲು ಹೋಗದೆ, ಎರಡೂ ಕಡೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ರಾತ್ರಿಯಿಡೀ ಭಾರ ಹೇರಿಡು. ಪೂರ್ತಿ ಹೋಗದಿದ್ದರೂ ಹಿಂದಿನ ಪುಟಕ್ಕೆ ಹರಡುವುದಿಲ್ಲ.

ಒಬ್ಬನೇ ಓದುವುದಿದ್ದರೆ ಮೂರು ಗಂಟೆಯ ಮೇಲೆ ಅಡಿಕೆ ತೋಟಕ್ಕೆ ಇಳಿ. ಅಂಗಳಕ್ಕಿಂತ ಅಲ್ಲಿ ಎಷ್ಟೋ ತಂಪು. ಬಿದ್ದ ಹಾಳೆಯನ್ನೇ ಕೂರಲು ಹಾಕಿಕೊಳ್ಳಬಹುದು. ತಲೆಯ ಮೇಲೆ ಒಣಗಿ ಜೋತ ಸೋಗೆ ಇಲ್ಲವೆಂದು ನೋಡಿಕೊಂಡು ಕೂರು. ತೆಂಗಿನ ಮರದ ಬುಡವಂತೂ ಬೇಡವೇ ಬೇಡ.

ಮುರುಗಲಿನ ಪಾನಕವನ್ನು ಬಂದ ದಿನವೇ ಶುರು ಮಾಡಿದರೆ ಹೋಗುವಾಗ ಸೀಸೆ ಒಯ್ಯಬಹುದು. ಹಣ್ಣು ತೊಳೆದು ಒರೆಸಿ, ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿನೊಳಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಇಡುವುದು. ಒಂದು ಕೆಜಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆ. ಕಂಜೂಸಿ ಮಾಡಿ ಒಂದಕ್ಕಿಳಿಸಿದರೆ ನಾಲ್ಕನೇ ದಿನಕ್ಕೆ ನೊರೆ ಬಂದು ಹುಳಿಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ದಿನಾ ಬಿಸಿಲಿಗೆ, ಸಂಜೆ ಒಣ ಸೌಟಿನಲ್ಲಿ ಒಮ್ಮೆ ಕೈಯಾಡಿಸಿ ಒಳಕ್ಕೆ. ಏಳೆಂಟು ದಿನಕ್ಕೆ ಸಿಪ್ಪೆ ಮುದುಡಿ ರಸ ಮೇಲೆ ನಿಲ್ಲುತ್ತದೆ. ನೀವು ಐದೇ ದಿನಕ್ಕೆ ಹೊರಡುವವರು, ಉಳಿದ ಬಿಸಿಲು ನಿಮ್ಮ ಬಾಲ್ಕನಿಯದ್ದು. ಆಮೇಲೆ ಸೋಸಿ, ಜೀರಿಗೆ ಪುಡಿ, ಚಿಟಿಕೆ ಉಪ್ಪು. ಒಂದು ಪಾಲಿಗೆ ಐದು ಪಾಲು ನೀರು. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ತರಬೇಡ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ. ಬೀಜ ಎಸೆಯಬೇಡ, ಒಣಗಿಸಿದರೆ ತುಪ್ಪಕ್ಕೆ ಬರುತ್ತದೆ. ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯ ಮದ್ದು ಸಿಗುವುದು ಕಷ್ಟ.

ಕಾರವಾರದ ದಿನ ಮನೆಯಲ್ಲಿ ಬೇಗ ಉಂಡು ಹೊರಡಿ. ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹಿಂದಿನ ದಿನ ಕೇಳಿಕೊಳ್ಳಬೇಕು, ರಸ್ತೆ ಕೆಲಸಕ್ಕೆಂದು ಮುಚ್ಚಿದ್ದುಂಟು. ಕುಮಟೆಯ ಹಂದಿಗೋಣ, ಅಳ್ವೆಕೋಡಿ ಬಳಿ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯ ಗೊಂಚಲು ತೂಗಿರುತ್ತವೆ. ಹಸಿಯಾಗಿಯೇ ತಿನ್ನಬಹುದಾದ ಈರುಳ್ಳಿ. ನೀರಿನಂಶ ಹೆಚ್ಚು, ಚೀಲದಲ್ಲಿ ಕಟ್ಟಿಟ್ಟರೆ ವಾರಕ್ಕೆ ಕೊಳೆಯುತ್ತದೆ; ಗೊಂಚಲು ಬಿಡಿಸದೆ ಗಾಳಿಗೆ ತೂಗುಹಾಕು. ಅಂಕೋಲೆಯಲ್ಲಿ ಕರಿ ಈಶಾಡು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕ ಮೇಲೆ ಹೆಸರು ದೂರ ಹೋಗಿದೆ, ಹಣ್ಣು ಹೋಗುವುದಿಲ್ಲ. ಸಿಪ್ಪೆ ಅಷ್ಟು ತೆಳು, ಒಂದರ ಮೇಲೊಂದು ಹೇರಿದರೆ ಕೆಳಗಿನದು ಅಪ್ಪಚ್ಚಿ. ಬುಟ್ಟಿಯವರ ಮುಂದೆ ಹಣ್ಣು ಒತ್ತಿ ನೋಡಬೇಡ ಮಾರಾಯಾ, ತೊಟ್ಟಿನ ಹತ್ತಿರ ಮೂಸಿ ನೋಡು. ಬಣ್ಣ ಮಾತ್ರ ಇದ್ದು ಪರಿಮಳವಿಲ್ಲದಿದ್ದರೆ ಮುಂದಿನ ಬುಟ್ಟಿಗೆ ಹೋಗು. ಅರ್ಧ ಹಣ್ಣಾದದ್ದನ್ನು ಒಣಹುಲ್ಲಿನಲ್ಲಿ ಒಂದೇ ಪದರ ಹರವಿಟ್ಟರೆ ಎರಡು ಮೂರು ದಿನ ಸಿಗುತ್ತದೆ. ಇದರ ರಸಾಯನಕ್ಕೆ ನಾಲ್ಕು ಹಣ್ಣು, ಒಂದು ತೆಂಗಿನಕಾಯಿಯ ದಪ್ಪ ಹಾಲು, ಒಂದು ಬಟ್ಟಲು ಬೆಲ್ಲ, ಏಲಕ್ಕಿ. ಬೆಲ್ಲ ಕರಗಿಸಿ ಪೂರ್ತಿ ಆರಿಸಿಯೇ ಹಾಕಬೇಕು, ಬಿಸಿ ತಾಗಿದರೆ ಕಾಯಿಹಾಲು ಒಡೆಯುತ್ತದೆ. ತೆಳ್ಳೇವು ಎಂಬ ತೆಳು ದೋಸೆಯ ಜೊತೆ ತಿಂದು ನೋಡು, ಮತ್ತೆ ಹೋಟೆಲಿನ ಮಾತೆತ್ತುವುದಿಲ್ಲ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿರುವುದು ಸುಮ್ಮನೆ ಅಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ತರುಣ ಕವಿ, ಕಾಳಿನದಿಯಲ್ಲಿ ದೋಣಿ ಹೋದದ್ದನ್ನು, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಮರಳಿದ್ದನ್ನು ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ಕೆಲವೇ ಪುಟ. ಅದನ್ನು ತೀರದಲ್ಲೇ ಕೂತು ಓದು, ಅವರು ಬರೆದ ಗಾಳಿಮರಗಳ ಸುಯ್ಯೆನ್ನುವ ಸದ್ದು ಪಕ್ಕದಲ್ಲೇ ಇರುತ್ತದೆ. ಸೂರ್ಯ ಮುಳುಗುವುದು ಏಳರ ಸುಮಾರಿಗೆ, ಐದೂವರೆಗೆ ಹೋದರೆ ಬೇಕಾದಷ್ಟು ಬೆಳಕು. ಮಕ್ಕಳನ್ನು ನದಿ ಕಡಲು ಸೇರುವ ಬಾಯಿಯ ಕಡೆಗೆ ಬಿಡಬೇಡ, ಇಳಿತದ ಹೊತ್ತಿಗೆ ಅಲ್ಲಿ ಸೆಳೆತ ಜೋರು. ಮೀನಿನ ಊಟ ಬೇಕಿದ್ದರೆ ಈಗಲೇ ಸಮಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ.

ಇನ್ನೊಂದು ಮಾತು, ನಿಮ್ಮ ಹಳೇ ಮನೆಯ ಕಪಾಟಿನ ಪುಸ್ತಕ. ಮಳೆಗೆ ಮೊದಲು ಅವನ್ನು ಒಮ್ಮೆ ಹೊರತೆಗೆಯಲೇಬೇಕು. ನೇರ ಬಿಸಿಲು ಬೇಡ, ಹಾಳೆ ಹಳದಿಯಾಗಿ ಬೆನ್ನಿನ ಅಂಟು ಒಡೆಯುತ್ತದೆ. ಜಗುಲಿಯ ನೆರಳಲ್ಲಿ ಬೀಸಣಿಕೆಯಂತೆ ಬಿಡಿಸಿ ನಿಲ್ಲಿಸಿ, ಎರಡು ಮೂರು ತಾಸು ಗಾಳಿಗಿಡು. ಒಣ ಬ್ರಷ್ಷಿನಿಂದ ಬೆನ್ನಿನ ಸಂದಿ ಗುಡಿಸು, ಬೆಳ್ಳಿಹುಳು ಅಡಗುವುದು ಅಲ್ಲೇ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದು ಕಾಲಡಿಗೆ ಕಲ್ಲು ಕೊಡು. ಗೋಡೆಗೆ ತಾಗಿದ್ದರೆ ಆಗಸ್ಟಿನಲ್ಲಿ ಹಿಂದಿನ ಸಾಲು ಪೂರ್ತಿ ಬೂಸಲು. ಪುಸ್ತಕ ತುರುಕಿ ಜೋಡಿಸಬೇಡ, ಒಂದು ಬೆರಳು ಸಲೀಸಾಗಿ ತೂರುವಂತಿರಲಿ.

ಆಯಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ಇತಿ ನಿನ್ನ
ಗೆಳೆಯ

ತಾ.ಕ.: ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸಿಗೆ ಈಗಲೇ ಸೀಟು ಹಿಡಿ. ಬರುವಾಗ ಅಗಲ ಬಾಯಿಯ ಎರಡು ಗಾಜಿನ ಭರಣಿ ತಾ, ಮುಚ್ಚಳದ ತಗಡು ತುಕ್ಕು ಹಿಡಿದಿರಬಾರದು. ಸಕ್ಕರೆ ಇಲ್ಲೇ ತರುತ್ತೇನೆ.