ಗೆದ್ದ ಮೇಲಿನ ಆಟ: ಡೆಟ್ರಾಯಿಟ್‌ನ ಸಂಸದ ಶ್ರೀ ಥಾನೇದಾರ್ ಅವರಿಗೊಂದು ಬಹಿರಂಗ ಪತ್ರ

ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮಿಶಿಗನ್ನಿನ 13ನೇ ಕ್ಷೇತ್ರವನ್ನು ಪ್ರತಿನಿಧಿಸುವ ಮಾನ್ಯ ಶ್ರೀ ಥಾನೇದಾರ್ ಅವರಿಗೆ ಗೌರವಪೂರ್ವಕ ನಮಸ್ಕಾರಗಳು.

ತಮ್ಮ ಹೆಸರೇ ಶ್ರೀ ಆಗಿರುವುದರಿಂದ ನಮ್ಮ ವಾಡಿಕೆಯಂತೆ ಅದರ ಹಿಂದೆ ಇನ್ನೊಂದು ಶ್ರೀ ಹಚ್ಚಬೇಕೇ ಬೇಡವೇ ಎಂದು ಸ್ವಲ್ಪ ಹೊತ್ತು ಯೋಚಿಸಿ, ಒಂದೇ ಸಾಕೆಂದು ತೀರ್ಮಾನಿಸಿದ್ದೇನೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ತಮ್ಮ ಮನೆಮಾತು ಮರಾಠಿಯಾದರೂ, ಬೆಳಗಾವಿಯ ಪೇಟೆಯಲ್ಲಿ ಓಡಾಡಿದವರ ಕಿವಿಗೆ ಕನ್ನಡ ಬೀಳದೇ ಇರುವುದು ಸಾಧ್ಯವಿಲ್ಲ ಎಂಬ ಧೈರ್ಯದಿಂದ ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿ ಕಡೆಯವನು. 2004ರಿಂದ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದೇನೆ. ತಮ್ಮ ಕ್ಷೇತ್ರದ ಮತದಾರನಲ್ಲ. ಆದರೆ ಡೆಟ್ರಾಯಿಟ್ ಲಯನ್ಸ್ ಎಂಬ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕ್ಷೇತ್ರದ ಗಡಿ ಇಲ್ಲದಿರುವುದರಿಂದ, ಅವರ ಆಟದ ವಿಷಯವಾಗಿ ತಮಗೆ ಬರೆಯುವ ಹಕ್ಕು ನನಗೂ ಇದೆಯೆಂದು ಭಾವಿಸಿದ್ದೇನೆ.

2025ರ ಸೆಪ್ಟೆಂಬರ್ 14ರಂದು ತವರು ಮೈದಾನವಾದ ಫೋರ್ಡ್ ಫೀಲ್ಡ್‌ನಲ್ಲಿ ಲಯನ್ಸ್ ತಂಡವು ಶಿಕಾಗೊ ಬೇರ್ಸ್ ತಂಡವನ್ನು 52–21ರಿಂದ ಸೋಲಿಸಿತು. ಕೊನೆಯ ಕ್ವಾರ್ಟರ್‌ನಲ್ಲಿ 45–21ರ ಮುನ್ನಡೆ ಇದ್ದಾಗ, ನಾಲ್ಕನೇ ಡೌನ್‌ನಲ್ಲಿ, ಅಂದರೆ ಸರದಿಯ ಕೊನೆಯ ಯತ್ನದಲ್ಲಿ, ಚೆಂಡನ್ನು ಕಂಬಗಳ ನಡುವೆ ಒದೆಯುವ ಸುಲಭವಾದ ಫೀಲ್ಡ್ ಗೋಲಿನಿಂದ ಮೂರು ಪಾಯಿಂಟ್ ಪಡೆಯುವ ಬದಲು, ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವರು) ಜ್ಯಾರೆಡ್ ಗಾಫ್ ಮತ್ತೆ ಟಚ್‌ಡೌನ್ ಪಾಸ್ ಎಸೆದು, ಚೆಂಡನ್ನು ಗೋಲ್ ಗೆರೆ ದಾಟಿಸಿದರು. ಎದುರು ನಿಂತಿದ್ದ ಕೋಚ್ ಬೆನ್ ಜಾನ್ಸನ್ ಹಿಂದಿನ ಋತುವಿನವರೆಗೂ ಡೆಟ್ರಾಯಿಟ್‌ನಲ್ಲೇ ಇದ್ದವರಾದ್ದರಿಂದ, ಇದು ಬಿಟ್ಟುಹೋದವನಿಗೆ ಕೊಟ್ಟ ಏಟು, ಬಿದ್ದವನಿಗೆ ಇನ್ನೊಂದು ಒದೆ ಎಂದು ಅನೇಕರು ಆಡಿಕೊಂಡರು. ಇಂಗ್ಲಿಷಿನಲ್ಲಿ ಇದಕ್ಕೆ ‘ರನ್ನಿಂಗ್ ಅಪ್ ದ ಸ್ಕೋರ್’ ಎನ್ನುತ್ತಾರೆ. ಗೆಲುವು ಖಚಿತವಾದ ಮೇಲೂ ಪಾಯಿಂಟ್ ಪೇರಿಸುತ್ತಾ ಹೋಗುವುದು. ಶಾಲಾ ಪಂದ್ಯಗಳಲ್ಲಿ ಇರುವಂಥ ದಯೆಯ ನಿಯಮವೊಂದು ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ಗೂ ಬೇಕು, ಅಂತರ ಹೆಚ್ಚಾದರೆ ಗಡಿಯಾರ ನಿಲ್ಲದೆ ಓಡಲಿ ಎಂಬ ಮಾತು ನಮ್ಮ ಗೆಳೆಯರ ಗುಂಪಿನಲ್ಲೂ ಕೇಳಿಬಂತು. ಅಂಥದ್ದೊಂದು ಕೋರಿಕೆ ತಮ್ಮ ಕಚೇರಿಯ ಬಾಗಿಲಿಗೆ ಬಂದರೆ ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ ಎಂಬುದು ನನ್ನ ಮೊದಲ ಬಿನ್ನಹ.

ಸೋತವರ ಮೇಲೆ ಕರುಣೆಯಿಲ್ಲದೆ ಈ ಮಾತು ಹೇಳುತ್ತಿಲ್ಲ. 2008ರ ಥ್ಯಾಂಕ್ಸ್‌ಗಿವಿಂಗ್ ದಿನ ಟೆನೆಸಿ ಟೈಟನ್ಸ್ ಇದೇ ಫೋರ್ಡ್ ಫೀಲ್ಡ್‌ನಲ್ಲಿ ನಮ್ಮವರಿಗೆ 47–10ರ ಸೋಲು ಉಣಿಸಿದಾಗ ನಾನು ಮೇಲಂತಸ್ತಿನ ಅಗ್ಗದ ಸೀಟಿನಲ್ಲಿ ಕುಳಿತಿದ್ದೆ. ಆ ವರ್ಷ ಲಯನ್ಸ್ ಆಡಿದ 16 ಪಂದ್ಯಗಳಲ್ಲಿ 16ನ್ನೂ ಸೋತರು. ಕೆಲವರು ತಲೆಗೆ ಕಾಗದದ ಚೀಲ ಹಾಕಿಕೊಂಡು ಬರುತ್ತಿದ್ದರು. ಆ ಸಂಜೆ ನನಗೆ ನೋವಾದದ್ದು ಟೈಟನ್ಸ್ ಆಡುತ್ತಲೇ ಇದ್ದರೆಂದಲ್ಲ; ಅವರನ್ನು ತಡೆಯಲು ಸಂಬಳ ಪಡೆಯುವ ನಮ್ಮವರಿಗೆ ತಡೆಯಲಾಗಲಿಲ್ಲವಲ್ಲ ಎಂದು. ಎದುರಾಳಿ ಕನಿಕರಪಟ್ಟು ಆಟ ನಿಲ್ಲಿಸಿದ್ದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತಿತ್ತು.

ಈ ಆಟದ ಇತಿಹಾಸದಲ್ಲಿ ಹಟಕ್ಕೆ ಬಿದ್ದು ಪಾಯಿಂಟ್ ಪೇರಿಸಿದ ಪ್ರಸಂಗಗಳಿಗೇನೂ ಕೊರತೆಯಿಲ್ಲ. 1940ರ ನವೆಂಬರಿನಲ್ಲಿ ವಾಷಿಂಗ್ಟನ್ ತಂಡ ಬೇರ್ಸ್‌ರನ್ನು 7–3ರಿಂದ ಸೋಲಿಸಿದ ಮೇಲೆ, ಅದರ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಬೇರ್ಸ್ ಆಟಗಾರರನ್ನು ಅಳುಬುರುಕರೆಂದು ಪತ್ರಿಕೆಯವರ ಮುಂದೆ ಹೀಯಾಳಿಸಿದರು. ಮೂರೇ ವಾರಗಳ ನಂತರ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಅದೇ ಎರಡು ತಂಡಗಳು ಎದುರಾದಾಗ ಫಲಿತಾಂಶ 73–0. ಪ್ರತಿ ಟಚ್‌ಡೌನ್ ನಂತರ ಹೆಚ್ಚುವರಿ ಪಾಯಿಂಟಿಗಾಗಿ ಒದ್ದ ಚೆಂಡುಗಳು ಪ್ರೇಕ್ಷಕರ ಪಾಲಾಗಿ ಮುಗಿಯುತ್ತಾ ಬಂದವು. ಇನ್ನು ಒದೆಯಬೇಡಿ ಎಂದು ಅಂಪೈರುಗಳೇ ಬೇರ್ಸ್ ತಂಡವನ್ನು ಕೇಳಿಕೊಳ್ಳಬೇಕಾಯಿತು. ಮಾರ್ಷಲ್ ಬಾಯಿ ಬಿಗಿಹಿಡಿದಿದ್ದರೆ ಅಷ್ಟು ಚೆಂಡುಗಳಾದರೂ ಉಳಿಯುತ್ತಿದ್ದವು.

ಇನ್ನೊಂದು ಜೋಡಿ ಪ್ರಸಂಗ ನನಗೆ ಹೆಚ್ಚು ಇಷ್ಟ. ಲೀಗಿನ ನಿಯಮಿತ ಋತುವಿನಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಗಳಿಸಿದ ಗರಿಷ್ಠ ಮೊತ್ತ 72. ಅದು 1966ರ ನವೆಂಬರ್ 27ರಂದು ವಾಷಿಂಗ್ಟನ್ ತಂಡ ನ್ಯೂಯಾರ್ಕ್ ಜಯಂಟ್ಸ್ ವಿರುದ್ಧ ಮಾಡಿದ್ದು. 69–41ರಿಂದ ಮುಂದಿದ್ದ ತಂಡ, ಕೆಲವೇ ಸೆಕೆಂಡು ಉಳಿದಿರುವಾಗ ಟೈಮ್‌ಔಟ್ ಕೇಳಿ ಫೀಲ್ಡ್ ಗೋಲ್ ಒದೆಯಿತು. ಆ ಟೈಮ್‌ಔಟಿನ ಹಿಂದೆ ಇದ್ದವರು ಜಯಂಟ್ಸ್‌ನಿಂದ ವಾಷಿಂಗ್ಟನ್‌ಗೆ ಬಂದಿದ್ದ ಆಟಗಾರ ಸ್ಯಾಮ್ ಹಫ್, ತನ್ನನ್ನು ಮಾರಿಹಾಕಿದ ಜಯಂಟ್ಸ್ ಕೋಚ್ ಮೇಲಿನ ಸೇಡು ಅವರಿಗೆ ಇನ್ನೂ ತೀರಿರಲಿಲ್ಲ ಎಂದು ಹೇಳುವುದುಂಟು. ಐವತ್ತೇಳು ವರ್ಷಗಳ ನಂತರ, 2023ರ ಸೆಪ್ಟೆಂಬರ್ 24ರಂದು, ಮಯಾಮಿ ಡಾಲ್ಫಿನ್ಸ್ ಡೆನ್ವರ್ ವಿರುದ್ಧ 70–20ರಿಂದ ಮುಂದಿತ್ತು. ಒಂದು ಫೀಲ್ಡ್ ಗೋಲ್ ಒದ್ದರೆ 73, ದಾಖಲೆ ಅವರದು. ಒದೆಯುವ ದೂರವೂ ಅಸಾಧ್ಯದ್ದೇನಲ್ಲ, 45 ಗಜದಷ್ಟು. ಪ್ರೇಕ್ಷಕರು ಕೂಗುತ್ತಿದ್ದರು. ಕೋಚ್ ಮೈಕ್ ಮೆಕ್‌ಡೇನಿಯಲ್ ಒದೆಯಲು ಬಿಡಲಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು, ಮುಂದೆ ನುಗ್ಗದೆ, ಗಡಿಯಾರ ಓಡಲೆಂದು ಮೊಣಕಾಲೂರಿದ, ಆಟ ಮುಗಿಯಿತು. ಯಾವ ನಿಯಮವೂ ಅವರನ್ನು ತಡೆದಿರಲಿಲ್ಲ. ನಿಯಮವಿದ್ದಿದ್ದರೆ ಆ ಮೊಣಕಾಲೂರಿದ್ದಕ್ಕೆ ಅಷ್ಟು ಬೆಲೆಯೂ ಇರುತ್ತಿರಲಿಲ್ಲ. ಶತಕವೋ ತ್ರಿಶತಕವೋ ಕಣ್ಣೆದುರಿಗಿರುವಾಗ ಇನಿಂಗ್ಸ್ ಡಿಕ್ಲೇರ್ ಮಾಡುವ ಕ್ರಿಕೆಟ್ ನಾಯಕನ ಸಂಕಟ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಅಮರ್ಯಾದೆ ಎಂಬುದೇ ಇಲ್ಲವೇ ಎಂದರೆ, ಇದೆ. ಅದು ಪಾಯಿಂಟುಗಳಲ್ಲಿಲ್ಲ, ಮಾತು ತಪ್ಪುವುದರಲ್ಲಿದೆ. 2024ರ ಜನವರಿ 7ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ 41–17ರಿಂದ ಮುಂದಿದ್ದಾಗ, ಗೋಲ್ ಗೆರೆಯಿಂದ ಒಂದೇ ಗಜ ದೂರದಲ್ಲಿ, ಮೊಣಕಾಲೂರುವ ವ್ಯೂಹದಲ್ಲಿ ನಿಂತರು. ಆ ವ್ಯೂಹ ಒಂದು ಮೌನ ಒಪ್ಪಂದ: ನಾವು ಮುಂದೆ ನುಗ್ಗುವುದಿಲ್ಲ, ನೀವೂ ಮೇಲೆ ಬೀಳಬೇಡಿ. ಎದುರಿನವರು ಅದನ್ನು ನಂಬಿ ಮೈ ಸಡಿಲಬಿಟ್ಟು ನಿಲ್ಲುತ್ತಾರೆ. ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್ಸ್‌ಟನ್, ಕೋಚ್ ಹೇಳಿದ್ದನ್ನು ಬದಿಗೊತ್ತಿ, ಚೆಂಡನ್ನು ಜಮಾಲ್ ವಿಲಿಯಮ್ಸ್ ಕೈಗೆ ಕೊಟ್ಟರು. ವಿಲಿಯಮ್ಸ್ ಒಳಗೆ ನುಗ್ಗಿದರು, 48–17. ಪಂದ್ಯ ಮುಗಿದಾಗ ಫಾಲ್ಕನ್ಸ್ ಕೋಚ್ ಆರ್ಥರ್ ಸ್ಮಿತ್ ಮೈದಾನದ ನಡುವೆಯೇ ಸೇಂಟ್ಸ್ ಕೋಚ್ ಡೆನಿಸ್ ಆಲನ್ ಮೇಲೆ ಹರಿಹಾಯ್ದರು. ಆಲನ್ ಬಹಿರಂಗವಾಗಿ ಕ್ಷಮೆ ಕೇಳಿದರು. ವಿಲಿಯಮ್ಸ್ ನಮಗೆ ಪರಕೀಯರಲ್ಲ. 2022ರಲ್ಲಿ ಡೆಟ್ರಾಯಿಟ್ ಪರವಾಗಿ 17 ಬಾರಿ ಓಡಿ ಟಚ್‌ಡೌನ್ ಮಾಡಿ ಬ್ಯಾರಿ ಸ್ಯಾಂಡರ್ಸ್ ಅವರ ಹಳೆಯ ದಾಖಲೆ ಮುರಿದವರು. ಆ ಋತುವಿನಲ್ಲಿ ಮಾತ್ರ ಒಂದೂ ಸಿಕ್ಕಿರಲಿಲ್ಲ, ಗೆಳೆಯರು ಅವರಿಗೊಂದು ಕೊಡಿಸಿದರು. ಉದ್ದೇಶ ಪ್ರೀತಿಯದೇ. ಆದರೂ ಅವತ್ತು ಆದದ್ದು ತಪ್ಪು ಎಂದೇ ನನ್ನ ಎಣಿಕೆ. ಫೋರ್ಡ್ ಫೀಲ್ಡ್‌ನ 52ನೇ ಪಾಯಿಂಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಬೇರ್ಸ್ ಆಟಗಾರರು ಎಚ್ಚರವಾಗಿಯೇ ನಿಂತಿದ್ದರು.

‘ಮುಂದಿರುವ ತಂಡ ಮುಖ್ಯ ಆಟಗಾರರನ್ನು ಕೂರಿಸಿ ಬೆಂಚಿನವರನ್ನು ಆಡಿಸಬಾರದೇ’ ಎಂಬ ಪ್ರಶ್ನೆ ಸಹಜ. ಕಾಲೇಜು ತಂಡಗಳಿಗೆ ಅದು ಸುಲಭ, ಅಲ್ಲಿ ಬೆಂಚೇ ಒಂದು ಊರು. ವೃತ್ತಿಪರ ತಂಡದ 53 ಜನರಲ್ಲಿ ಪಂದ್ಯದ ದಿನ ಸಜ್ಜಾಗಿ ಬರುವವರು ಹೆಚ್ಚುಕಡಿಮೆ 48. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ಜನ ಲೈನ್‌ಮನ್‌ಗಳಿಗೆ ಬದಲಿಯಾಗಿ ಇರುವವರು ಸಾಮಾನ್ಯವಾಗಿ ಮೂರೇ ಜನ. ಎಲ್ಲರನ್ನೂ ಕೂರಿಸುವುದು ಲೆಕ್ಕಕ್ಕೇ ಹೊಂದುವುದಿಲ್ಲ. ಮೇಲಾಗಿ ಆಟಗಾರರ ಕರಾರುಗಳಲ್ಲಿ ಅವರು ಚೆಂಡನ್ನು ಮುಂದೊಯ್ದ ಗಜಗಳಿಗೂ ಬೆಲೆಯಿದೆ. 2025ರ ಜನವರಿಯಲ್ಲಿ ಟ್ಯಾಂಪಾ ಬೇ ತಂಡ ಗೆಲುವು ಕೈಯಲ್ಲಿದ್ದಾಗ ಮೊಣಕಾಲೂರದೆ ಮೈಕ್ ಎವಾನ್ಸ್‌ಗೆ ಒಂದು ಪಾಸ್ ಎಸೆಯಿತು. ಆ ಒಂದು ಹಿಡಿತದಿಂದ ಅವರು ಸಾವಿರ ಗಜ ದಾಟಿ, 30 ಲಕ್ಷ ಡಾಲರ್ ಬೋನಸ್ಸಿಗೆ ಅರ್ಹರಾದರು. ಅದನ್ನು ಅಮರ್ಯಾದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಲೀಗಿನ ನಿಯಮಗಳೂ ಪಾಯಿಂಟ್ ಅಂತರವನ್ನು ಪೂರ್ತಿ ಕೈಬಿಟ್ಟಿಲ್ಲ. 2000ದ ಜನವರಿ 2ರಂದು ಗ್ರೀನ್ ಬೇ ಮತ್ತು ಕ್ಯಾರೊಲಿನಾ ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ಎದುರಾಳಿಗಳ ಮೇಲೆ, ಒಂದು ಕಣ್ಣು ಇನ್ನೊಬ್ಬರ ಸ್ಕೋರಿನ ಮೇಲಿಟ್ಟು, ಪಾಯಿಂಟ್ ಪೇರಿಸುತ್ತಾ ಹೋದವು. ಪ್ಲೇಆಫ್ ಸ್ಥಾನ ಅಂತರದ ಲೆಕ್ಕದಲ್ಲಿ ತೀರ್ಮಾನವಾಗುವಂತಿತ್ತು. ನಮ್ಮ ಕ್ರಿಕೆಟ್ಟಿನ ನೆಟ್ ರನ್ ರೇಟ್ ಪರದಾಟವೇ. ಆ ಸ್ಥಾನ ಕೊನೆಗೆ ಡಲ್ಲಾಸ್ ಪಾಲಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಟದವರೇ ಬಗೆಹರಿಸಿಕೊಳ್ಳಬೇಕಾದ ವಿಷಯ. ತಮ್ಮ ಕೈಯಿಂದ ಆಗಬೇಕಾದ ಕೆಲಸ ಮುಂದಿದೆ.

2024ರ ಅಕ್ಟೋಬರ್ 13ರಂದು ಡಲ್ಲಾಸ್ ವಿರುದ್ಧ ಲಯನ್ಸ್ 47–9ರಿಂದ ಗೆದ್ದ ಪಂದ್ಯವನ್ನು ತಾವೂ ನೋಡಿರಬಹುದು. ಹಿಂದಿನ ಡಿಸೆಂಬರಿನಲ್ಲಿ ಅದೇ ಮೈದಾನದಲ್ಲಿ ಲೈನ್‌ಮನ್ ಟೇಲರ್ ಡೆಕರ್ ಹಿಡಿದ ಪಾಸನ್ನು ಅಂಪೈರುಗಳು ತಳ್ಳಿಹಾಕಿ ನಾವು 20–19ರಿಂದ ಸೋತಿದ್ದೆವು. ಅದರ ಸಿಟ್ಟಿಗೆ ಈ ಸಲ ನಮ್ಮವರು, ಸಾಮಾನ್ಯವಾಗಿ ಪಾಸ್ ಹಿಡಿಯದ ಲೈನ್‌ಮನ್‌ಗಳ ಕೈಗೆ ಚೆಂಡು ತಲುಪಿಸುವ ಚಮತ್ಕಾರದ ಆಟಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸಿದರು. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ಮೂರನೇ ಕ್ವಾರ್ಟರ್‌ನಲ್ಲಿ, ಭಾರಿ ಮುನ್ನಡೆ ಇರುವಾಗಲೇ, ನಮ್ಮ ಪಕ್ಕದ ಪ್ಲಿಮತ್‌ನ ಹುಡುಗ ಏಡನ್ ಹಚಿನ್ಸನ್ ಕಾಲಿನ ಎರಡೂ ಮೂಳೆ ಮುರಿದುಕೊಂಡು ಬಿದ್ದರು. ಮೂರನೇ ಕ್ವಾರ್ಟರ್‌ನಲ್ಲಿ ಯಾವ ಕೋಚೂ ಅಂಥ ಆಟಗಾರನನ್ನು ಕೂರಿಸುವುದಿಲ್ಲವೆಂದು ಬಲ್ಲೆ, ಯಾರನ್ನೂ ದೂರುತ್ತಿಲ್ಲ. ಆದರೂ ಸೋಲು ಗೆಲುವು ತೀರ್ಮಾನವಾದ ಮೇಲಿನ ನಿಮಿಷಗಳಲ್ಲಿ ಎಷ್ಟು ಮೂಳೆಗಳು ಮುರಿಯುತ್ತವೆ, ಎಷ್ಟು ತಲೆಗಳಿಗೆ ಪೆಟ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಲೀಗ್ ಜನರ ಮುಂದಿಡಬೇಕು ಎಂದು ಅಂದಿನಿಂದ ನನಗನ್ನಿಸುತ್ತಿದೆ.

ಇನ್ನೊಂದು ದೃಶ್ಯ ನಮ್ಮ ಬೇಸ್ಮೆಂಟಿನದು. ಕಳೆದ ಚಳಿಗಾಲದ ಒಂದು ಭಾನುವಾರ, ಗಿರ್ಮಿಟ್ ತಟ್ಟೆಗಳ ನಡುವೆ ಏಳೆಂಟು ಜನ ಕುಳಿತು ಆಟ ನೋಡುತ್ತಿದ್ದೆವು. ಎರಡು ನಿಮಿಷ ಉಳಿದಿತ್ತು, ನಾವು ಹನ್ನೊಂದು ಪಾಯಿಂಟ್ ಮುಂದೆ. ಎಲ್ಲರೂ ಏಳುವ ಹೊತ್ತಿಗೆ ಗೆಳೆಯರ ಮಗ, ಇಪ್ಪತ್ತೆರಡರ ಹುಡುಗ, ಮೊಬೈಲ್ ಹಿಡಿದು ತುದಿಗಾಲಲ್ಲಿ ನಿಂತಿದ್ದ. ‘ಗೆದ್ದಾತಲ್ಲೋ, ಇನ್ನೇನು?’ ಎಂದೆ. ‘ಗೆದ್ರೆ ಸಾಲಲ್ಲ ಅಂಕಲ್, ಸ್ಪ್ರೆಡ್ ಹದಿಮೂರೂವರೆ, ಕವರ್ ಆಗ್ಬೇಕು’ ಎಂದ. ಅಂದರೆ ಅವನು ಪಣ ಕಟ್ಟಿದ್ದು ಗೆಲುವಿನ ಮೇಲಲ್ಲ, ಅಂತರದ ಮೇಲೆ; ಅದು ಹದಿಮೂರೂವರೆ ದಾಟಿದರೆ ಮಾತ್ರ ಅವನಿಗೆ ದುಡ್ಡು. ಅಷ್ಟರಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಮೊಣಕಾಲೂರಿದ. ಹುಡುಗ ಮೊಬೈಲನ್ನು ಸೋಫಾ ಮೇಲೆ ಬೀಸಾಡಿ, ಗೆದ್ದ ತಂಡದ ಕೋಚನ್ನು, ನಾನು ಇಲ್ಲಿ ಬರೆಯಲಾಗದ ಮಾತಿನಲ್ಲಿ ಬೈದ. ಎದುರಾಳಿಗೆ ತೋರಿದ ಸೌಜನ್ಯವೇ ಅವನ ಪಾಲಿಗೆ ದ್ರೋಹವಾಗಿತ್ತು.

ಮಿಶಿಗನ್ನಿನಲ್ಲಿ ಆನ್‌ಲೈನ್ ಬೆಟ್ಟಿಂಗ್ 2021ರ ಜನವರಿಯಿಂದ ಕಾನೂನುಬದ್ಧವಾಗಿದೆ. ನ್ಯೂಜೆರ್ಸಿಯ ಬೆಟ್ಟಿಂಗ್ ಕಾನೂನನ್ನು ತಡೆಯಲು 2012ರಲ್ಲಿ ಕೋರ್ಟು ಹತ್ತಿದವರಲ್ಲಿ ಒಂದಾಗಿದ್ದ ಇದೇ ಲೀಗ್, 2021ರಲ್ಲಿ ಮೂರು ಬೆಟ್ಟಿಂಗ್ ಕಂಪನಿಗಳನ್ನು ಅಧಿಕೃತ ಪಾಲುದಾರರನ್ನಾಗಿ ಮಾಡಿಕೊಂಡಿತು. 2018ರ ಮರ್ಫಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಳೆಯ ನಿಷೇಧವನ್ನು ರದ್ದುಮಾಡಿದರೂ, ಸಂಸತ್ತು ಬಯಸಿದರೆ ಈ ವ್ಯವಹಾರವನ್ನು ತಾನೇ ನೇರವಾಗಿ ನಿಯಂತ್ರಿಸಬಹುದು ಎಂದು ಸ್ಪಷ್ಟವಾಗಿ ಹೇಳಿತು. ತಮ್ಮ ಸಹೋದ್ಯೋಗಿ ಪಾಲ್ ಟೊಂಕೊ ಮತ್ತು ಸೆನೆಟರ್ ರಿಚರ್ಡ್ ಬ್ಲೂಮೆಂಥಾಲ್ 2024ರಲ್ಲಿ ಮಂಡಿಸಿದ ಸೇಫ್ ಬೆಟ್ ಮಸೂದೆ ಆ ದಾರಿಯದೇ. ಆ ಬಗೆಯ ಕಾನೂನಿಗೆ ತಾವು ಒಂದು ಅಂಶ ಸೇರಿಸಬೇಕೆಂದು ಕೋರುತ್ತೇನೆ: ಕೊನೆಯ ಕ್ವಾರ್ಟರ್‌ನಲ್ಲಿ ಅಂತರ ಮೂರು ಟಚ್‌ಡೌನ್ ದಾಟಿದರೆ, ಅಲ್ಲಿಂದ ಮುಂದೆ ಆ ಪಂದ್ಯದ ಮೇಲೆ ಹೊಸ ಪಣ ಸ್ವೀಕರಿಸಬಾರದು, ಆಟಗಾರರ ಗಜ ಮತ್ತು ಕ್ಯಾಚುಗಳ ಮೇಲಿನದಂತೂ ಬೇಡವೇ ಬೇಡ. ಪಂದ್ಯಕ್ಕೆ ಮೊದಲೇ ಕಟ್ಟಿದ ಪಣ ಇದರಿಂದ ಹೋಗುವುದಿಲ್ಲ, ಆ ಹುಡುಗನಿಗೂ ಇದು ಅಡ್ಡ ಬರುತ್ತಿರಲಿಲ್ಲ. ಆದರೂ ಸತ್ತ ಪಂದ್ಯಕ್ಕೆ ದುಡ್ಡಿನಿಂದ ಉಸಿರು ತುಂಬುವ ಒಂದು ಬಾಗಿಲಾದರೂ ಮುಚ್ಚುತ್ತದೆ.

ಸಂಸತ್ತಿಗೆ ಫುಟ್‌ಬಾಲಿನ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ತಮಗೆ ಉತ್ತರ ಊರಲ್ಲೇ ಇದೆ. ಡೆಟ್ರಾಯಿಟ್ ನಗರವನ್ನು ದೀರ್ಘಕಾಲ ಪ್ರತಿನಿಧಿಸಿದ ಜಾನ್ ಕಾನ್ಯರ್ಸ್, ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದಾಗ, 2009ರ ಅಕ್ಟೋಬರಿನಲ್ಲಿ ಲೀಗಿನ ಕಮಿಷನರ್ ರೋಜರ್ ಗುಡೆಲ್ ಅವರನ್ನು ತಲೆಪೆಟ್ಟಿನ ವಿಚಾರಣೆಗೆ ಕರೆಸಿದರು. ಮುಂದಿನ ಜನವರಿಯಲ್ಲಿ ಅದರ ಇನ್ನೊಂದು ಬೈಠಕ್ಕನ್ನು ಡೆಟ್ರಾಯಿಟ್‌ನಲ್ಲೇ ನಡೆಸಿದರು. ತಲೆಪೆಟ್ಟನ್ನು ಕುರಿತ ಲೀಗಿನ ಧೋರಣೆ ಬದಲಾಗಲು ಆ ಒತ್ತಡವೂ ಒಂದು ಕಾರಣ. ಟಿವಿ ಹಕ್ಕುಗಳನ್ನು ಎಲ್ಲ ತಂಡಗಳೂ ಒಟ್ಟುಗೂಡಿ ಮಾರಲು ಲೀಗಿಗೆ 1961ರಲ್ಲಿ ಏಕಸ್ವಾಮ್ಯ ತಡೆ ಕಾನೂನಿನಿಂದ ವಿನಾಯಿತಿ ಕೊಟ್ಟದ್ದೂ ಇದೇ ಸಂಸತ್ತು, ಆದ್ದರಿಂದ ಲೆಕ್ಕ ಕೇಳುವ ಅಧಿಕಾರವೂ ಅದಕ್ಕಿದೆ. ಇನ್ನೊಂದು ವಿಚಾರಣೆಗೆ ತಾವು ಒತ್ತಾಯಿಸಿ, ಅದನ್ನು ಡೆಟ್ರಾಯಿಟ್‌ನಲ್ಲೇ ಇಡಿಸಿ, ತೀರ್ಮಾನವಾದ ಪಂದ್ಯಗಳ ಕೊನೆಯ ನಿಮಿಷಗಳ ಗಾಯಗಳ ಲೆಕ್ಕವನ್ನೂ, ಅದೇ ನಿಮಿಷಗಳಲ್ಲಿ ಬಿದ್ದ ಪಣದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ ಎಂದು ಲೀಗನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ವಾರದ ದಿನವಾದರೂ ಸರಿಯೇ, ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆ ಹುಡುಗನನ್ನೂ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಯಾಂಟನ್‌ನ ಒಬ್ಬ ಕನ್ನಡಿಗ