ವಲಯ ಅರಣ್ಯಾಧಿಕಾರಿಯಾದ ಮಗಳಿಗೆ

ಪ್ರೀತಿಯ ಕೂಸೇ,

ನೀನು ಅಂಕೋಲಾ ಕಡೆಗೆ ವಲಯ ಅರಣ್ಯಾಧಿಕಾರಿಯಾಗಿ ಹೋದ ಸುದ್ದಿಯನ್ನು ಆಯಿ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದಾಳೆ. ನನಗೂ ಹೆಮ್ಮೆಯಿದೆ. ಜತೆಗೆ ಒಂದು ಆತಂಕವೂ ಇದೆ. ಫೋನಿನಲ್ಲಾದರೆ ಮಾತು ಅರ್ಧಕ್ಕೇ ನಿಲ್ಲುತ್ತದೆಂದು ಬರೆಯುತ್ತಿದ್ದೇನೆ.

ಖಾಕಿಯ ಎದುರು ನಮ್ಮ ಜನ ಮಾತು ನುಂಗುತ್ತಾರೆ. ಕಾಡು ಕಾಯುವ ವಾಚರ್‌ಗಳು, ನರ್ಸರಿಯ ದಿನಗೂಲಿ ಹೆಂಗಸರು ತಮಗೆ ಗೊತ್ತಿದ್ದದ್ದನ್ನು ಒಳಗೇ ಇಟ್ಟುಕೊಂಡು ‘ಹೌದು ಮೇಡಂ’ ಎಂದುಬಿಡುತ್ತಾರೆ. ಆ ‘ಹೌದು’ ನಿನ್ನ ಕಿವಿಗೆ ಹಿತವಾಗತೊಡಗಿದರೆ, ಕಾಡಿನ ನಿಜವಾದ ಸುದ್ದಿ ನಿನ್ನ ಮೇಜಿಗೆ ಬರುವುದು ನಿಂತಿತೆಂದೇ ತಿಳಿ. ಅಧಿಕಾರದಲ್ಲಿರುವವರಿಗೆ ವಿನಯ ಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಿನ್ನದೇ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು, ಆಮೇಲೆ ಕಾಯಂ ಆದವರು. ಯಾವ ತಾಯಿಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ಆರಿಸಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. 2021ರ ನವೆಂಬರಿನಲ್ಲಿ ಅವರು ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಪಡೆದದ್ದನ್ನು ದೇಶವೇ ನೋಡಿತು. 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗಲೂ ಜನ ಆ ಚಿತ್ರವನ್ನೇ ಹಂಚಿಕೊಂಡರು. ನನಗೆ ಅದರಷ್ಟೇ ದೊಡ್ಡದಾಗಿ ಕಾಣುವುದು ಅ.ನ. ಯಲ್ಲಪ್ಪ ರೆಡ್ಡಿಯವರಂಥ ಹಿರಿಯ ಅಧಿಕಾರಿಗಳು ಆ ಕೂಲಿ ಹೆಂಗಸಿನ ತಿಳಿವಳಿಕೆಯನ್ನು ಗುರುತಿಸಿ ಗೌರವಿಸಿದ್ದು. ಅಂಥ ಹೆಂಗಸರು ಇನ್ನೂ ಎಷ್ಟು ನರ್ಸರಿಗಳಲ್ಲಿ ಯಾರೂ ಕೇಳದೆ ಮಾತಾಡದೆ ಉಳಿದಿದ್ದಾರೋ!

ರಾಮಪತ್ರೆ ಮರದ ಬೀಜ ನಿನಗೆ ಗೊತ್ತಲ್ಲ. ಒಣಗಿತೆಂದರೆ ಮೊಳೆಯುವುದಿಲ್ಲ. ಕಡತ ಮೇಲೆ ಹೋಗಿ ಸಹಿಯಾಗಿ ಬರಲೆಂದು ಅದು ಕಾಯುವುದೂ ಇಲ್ಲ. ‘ಕಾಯಿ ಬಿರಿದಿದೆ, ಇವತ್ತೇ ಆರಿಸಬೇಕು, ನಿಮ್ಮ ಪಟ್ಟಿಯ ತಾರೀಖು ಸರಿಯಿಲ್ಲ’ ಎಂದು ಒಬ್ಬ ಹೆಂಗಸು ನಿನ್ನ ಕಚೇರಿಯ ಬಾಗಿಲಿಗೇ ಬಂದು ಹೇಳುವಂತಿರಬೇಕು. ಆ ಧೈರ್ಯ ಅವಳಿಗೆ ನಿನ್ನಿಂದ ಬರಬೇಕು.

ಬೇಸಿಗೆಯಲ್ಲಿ ಬೆಂಕಿ ಬಿದ್ದಾಗಲೂ ಹಾಗೆಯೇ. ಸಂಜೆಯ ಗಾಳಿ ಯಾವ ಕಣಿವೆಯಿಂದ ಮೇಲೇರುತ್ತದೆಂದು ಆ ಗುಡ್ಡ ಹತ್ತಿಳಿದ ವಾಚರನಿಗೆ ಗೊತ್ತಿರುತ್ತದೆ. ಮೊದಲು ಅವನನ್ನು ಕೇಳು, ಆಮೇಲೆ ನಿರ್ಧಾರ ನೀನೇ ಮಾಡು. ವಿನಯದ ಹೆಸರಿನಲ್ಲಿ ನಿರ್ಧಾರದಿಂದ ಜಾರಿಕೊಳ್ಳುವ ಅಧಿಕಾರಿಗಳಿದ್ದಾರೆ. ಅವರ ಕೈಕೆಳಗಿನವರ ಪಾಡು ದರ್ಪಿಷ್ಠರ ಕೈಕೆಳಗಿನವರ ಪಾಡಿಗಿಂತ ಸುಖದ್ದೇನಲ್ಲ. ಲೆಕ್ಕ ತಪ್ಪಿದರೆ ‘ವಾಚರ್ ಹೇಳಿದ್ದ’ ಎನ್ನಬೇಡ. ಬೆಂಕಿ ಆರಿದರೆ ವರದಿಯಲ್ಲಿ ಅವನ ಹೆಸರು ಬರೆಯುವುದನ್ನು ಮರೆಯಬೇಡ.

ಇನ್ನು ಊರವರು. ನಮ್ಮ ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಅರಣ್ಯಕ್ಕೆ ಸೇರಿದ ಬೆಟ್ಟದಿಂದ, ಹಾಗಾಗಿ ಇಲಾಖೆಯ ಜತೆ ತಕರಾರು ನಮಗೆ ಹೊಸದಲ್ಲ. ಆದರೆ 1983ರ ಸೆಪ್ಟೆಂಬರಿನಲ್ಲಿ ನಮ್ಮ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದವರೂ ಇಂಥ ಹಳ್ಳಿಯವರೇ. ಊರವರು ಅರ್ಜಿ ಹಿಡಿದು ಬಂದಾಗ ಇದು ನೆನಪಿರಲಿ. ನಿಯಮ ಮೀರಿ ಕೊಡು ಎಂದು ನಾನು ಹೇಳುತ್ತಿಲ್ಲ. ‘ಆಗುವುದಿಲ್ಲ’ ಎನ್ನಬೇಕಾದಾಗಲೂ ಕುರ್ಚಿ ಕೊಟ್ಟು, ಪೂರ್ತಿ ಕೇಳಿ, ಕಾರಣ ತಿಳಿಸಿ ಹೇಳು.

ಮಳೆಗಾಲಕ್ಕೆ ಮುಂಚೆ ಎಲ್ಲಿ ಯಾವ ಗಿಡ ನೆಡಬೇಕೆಂದು ಪಟ್ಟಿ ಮಾಡುತ್ತೀಯಲ್ಲ, ಮೇಲಕ್ಕೆ ಕಳಿಸುವ ಮುನ್ನ ನರ್ಸರಿಯ ಹೆಂಗಸರಿಗೆ ಅದನ್ನು ಓದಿ ಹೇಳು. ಅವರು ಯಾವುದನ್ನು ಬೇಡವೆಂದರು, ಏಕೆ ಬೇಡವೆಂದರು ಎಂದು ನನಗೂ ತಿಳಿಸು.

ನಿನ್ನ ಅಪ್ಪ